ಹನ್ನೊಂದು ಚೀಲ ಥರ್ಮಾಕೋಲು

ಥರ್ಮಾಕೋಲಿನ ಕಾಳನ್ನು ಗುಡಿಸಲು ಬರುವುದಿಲ್ಲ. ಪೊರಕೆ ಮುಟ್ಟಿದರೆ ಹಾರುತ್ತದೆ, ಬೆರಳಿಗೆ ಅಂಟುತ್ತದೆ, ಒರೆಸಿದರೆ ಇನ್ನೊಂದು ಬೆರಳಿಗೆ ಅಂಟುತ್ತದೆ. ಲಾಗಿ ಅಂಗಳದ ಮಣ್ಣನ್ನೇ ಕೆರೆದು ಬಕೆಟ್ಟಿನ ನೀರಿಗೆ ಸುರಿಯುತ್ತಿದ್ದಳು. ಕಾಳು ತೇಲಿದ ಮೇಲೆ ಹಳೆಯ ಸೊಳ್ಳೆಪರದೆಯಲ್ಲಿ ಸೋಸಿ ಚೀಲಕ್ಕೆ ತುಂಬುತ್ತಿದ್ದಳು. ಆರು ವಾರದಿಂದ ಇದೇ ಕೆಲಸ. ಸಂಜೆ ಕಡಲಗಾಳಿ ಬೀಸಿದರೆ ಅಂಗಳ ಮತ್ತೆ ಬೆಳ್ಳಗಾಗುತ್ತಿತ್ತು.

ಸವಾಯಿ ದ್ವೀಪದ ಆ ಊರಲ್ಲಿ, ಅವಳ ಬೇಲಿಯಾಚೆಗೇ ಹೋಟೆಲು ಏಳುತ್ತಿತ್ತು. ಗೋಡೆಗೆ ಹಾಕುವ ಥರ್ಮಾಕೋಲು ಹಲಗೆಗಳನ್ನು ಬಯಲಲ್ಲೇ ಗರಗಸ ಹಾಕಿ ಕೊಯ್ಯುತ್ತಿದ್ದರು. ಒಂದು ಟಾರ್ಪಾಲನ್ನಾದರೂ ಅಡ್ಡ ಕಟ್ಟಿಸಿ ಎಂದು ಲಾಗಿ ಮೂರು ಸಲ ಕೇಳಿದ್ದಳು. ಮ್ಯಾನೇಜರ್ ಗ್ರಾಂಟ್ ನಕ್ಕಿದ್ದ.

"ಗಾಳಿ ನಂದಲ್ಲಮ್ಮ. ದೇವ್ರನ್ನ ಕೇಳು."

ತಿಂಗಳಿಗೊಮ್ಮೆ ಊರಿನ ಮಹಿಳಾ ಸಮಿತಿ ಮನೆಮನೆಯ ಅಂಗಳ ನೋಡಲು ಬರುತ್ತದೆ. ಕಸ ಕಂಡರೆ ದಂಡ. ಸಮಿತಿಯ ಹಿರಿಯಳು ಮರೆಟಾ ಬಂದವಳೇ ಲಾಗಿಗೆ ಒಂದು ಪೆಟ್ಟಿಗೆ ಡಬ್ಬಿಮೀನು ದಂಡ ಹಾಕಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಲಾಗಿ ಹಿತ್ತಿಲಿಗೆ ಹೋದಳು. ಅಂದು ಬೆಳಿಗ್ಗೆ ಸತ್ತಿದ್ದ ಕೋಳಿಯನ್ನು ತಂದು, ಎಲ್ಲರೆದುರೇ ಅದರ ಗಂಟಲಚೀಲ ಸೀಳಿದಳು. ಒಳಗೆ ಬರೀ ಬಿಳಿ ಕಾಳು.

"ಇದು ಐದನೇದು ಅಕ್ಕ. ದಂಡ ಕೊಡ್ತೀನಿ. ಆದ್ರೆ ಈ ಕಸ ಯಾರ್ದೋ ಅವ್ರಿಗೇ ಮುಟ್ಟಿಸ್ಬೇಕು. ನೀವೆಲ್ಲ ನನ್ ಜೊತೆ ಬರ್ಬೇಕು."

ಮರೆಟಾ ಬಗ್ಗಿ ಆ ಕಾಳನ್ನು ಬೆರಳಲ್ಲಿ ಒತ್ತಿ ನೋಡಿದಳು. "ದಂಡ ಬೇಡ," ಎಂದಳು. "ಹೋಗೋದಾದ್ರೆ ಶಾಸ್ತ್ರವಾಗೇ ಹೋಗೋಣ."

ಹೋಟೆಲು ಮುಗಿದು ಉದ್ಘಾಟನೆಯಾದ ದಿನ ಹನ್ನೊಂದು ಹೆಂಗಸರು ಹನ್ನೊಂದು ಚೀಲಗಳನ್ನು ಉಡುಗೊರೆಯಂತೆ ಚಾಪೆಯಲ್ಲಿ ಸುತ್ತಿಕೊಂಡು ಸಾಲಾಗಿ ಅದರ ಊಟದ ಕೋಣೆಗೆ ಬಂದರು. ಹಗುರವಾಗಿ, ಮೆತ್ತಗಿದ್ದವು. ಬೂರುಗದ ಹತ್ತಿಯ ದಿಂಬೆಂದುಕೊಂಡ ಗ್ರಾಂಟ್ ಒಂದೊಂದನ್ನೂ ಊರಿನ ಪದ್ಧತಿಯಂತೆ ಎರಡು ಕೈಯಲ್ಲಿ ಎತ್ತಿ, ತಲೆಗೆ ಮುಟ್ಟಿಸಿ ಸ್ವೀಕರಿಸಿದ. ಹಾಗೆ ತೆಗೆದುಕೊಂಡದ್ದನ್ನು ಹಿಂದಿರುಗಿಸಿದರೆ ಇಡೀ ಊರಿಗೆ ಅವಮಾನ. ಇನ್ನು, ಕೊಟ್ಟದ್ದೇನೆಂದು ಸಭೆಗೆ ಕೂಗಿ ಹೇಳುವುದೂ ಪದ್ಧತಿ. ಲಾಗಿ ಕೂಗಿ ಹೇಳಿದಳು.

"ಗ್ರಾಂಟ್ ಸಾಹೇಬ್ರ ಕಸ, ಹನ್ನೊಂದು ಚೀಲ. ಒಂದು ಕಾಳೂ ನಾವು ಇಟ್ಕೊಂಡಿಲ್ಲ."

ಹೆಂಗಸರು ಚೀಲಗಳ ಬಾಯಿ ಬಿಚ್ಚಿ ಕೊಡವಿದರು. ಮೇಲೆ ಫ್ಯಾನುಗಳು ಸುತ್ತುತ್ತಿದ್ದವು. ಕೇಕಿನ ಮೇಲೆ, ಉದ್ಘಾಟನೆಗೆ ಬಂದಿದ್ದ ಮಂತ್ರಿಯ ತಲೆಯ ಮೇಲೆ, ಅತಿಥಿಗಳ ಬೆವರಿದ ಕತ್ತಿನ ಮೇಲೆ ಬಿಳಿ ಕಾಳು ಕೂತಿತು. ಲಾಗಿಯ ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ, ಐದು ಕೋಳಿ ಸತ್ತ ಮೇಲೆ ಅವಳು ಮೊದಲ ಸಲ ನಕ್ಕದ್ದು ಆಗಲೇ.

ಗುಡಿಸಿ ಎಂದು ಗ್ರಾಂಟ್ ಆಳುಗಳ ಮೇಲೆ ಕಿರುಚಿದ. ಆಳುಗಳೆಲ್ಲ ಆ ಹೆಂಗಸರ ಮಕ್ಕಳು, ತಮ್ಮಂದಿರು. ಪೊರಕೆಗಳನ್ನು ಗೋಡೆಗೆ ಒರಗಿಸಿ ಕೈಕಟ್ಟಿ ನಿಂತರು.

ಹೆಂಗಸರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಉಡುಗೊರೆ ತಂದೋರ್ನ ಊಟ ಹಾಕ್ದೆ ಕಳಿಸೋ ಹಾಗಿಲ್ಲ ಸಾಹೇಬ್ರೇ," ಎಂದಳು ಲಾಗಿ. "ನೆಲ ಚೊಕ್ಕ ಮಾಡಿ. ಕಾಯ್ತೀವಿ."

ಮಂತ್ರಿ ಮುಖ ತಿರುಗಿಸಿದ. ಯಾರೂ ಅಲುಗಲಿಲ್ಲ. ಕೊನೆಗೆ ಗ್ರಾಂಟ್ ಕೋಟು ಬಿಚ್ಚಿ, ಮೊಣಕಾಲೂರಿ ಕಾಳು ಆಯತೊಡಗಿದ.

"ಮೇಜಿನ ಕೆಳಗೂ ಇದೆ," ಎಂದಳು ಲಾಗಿ.