ಜೆರಾಕ್ಸ್ ಲೈಸೆನ್ಸು

"ಜೆರಾಕ್ಸು ತೋರಿಸ್ತೀಯೇನೋ ಬೋಳಿಮಗನೆ? ಮನೇಲಿ ಹೆಂಡ್ತೀದೂ ಜೆರಾಕ್ಸೇ ಇಟ್ಕೊಂಡಿದೀಯಾ?"

ಮೋಟಾರು ವಾಹನ ಇನ್ಸ್‌ಪೆಕ್ಟರು ಕಾಗದವನ್ನು ಮಡಚಿ ಬಸ್ ಡ್ರೈವರು ಅಮರಪ್ಪನ ಕೆನ್ನೆಗೆ ತಟ್ಟಿದ. ಹಿಂದಿದ್ದ ಕಾನ್‌ಸ್ಟೇಬಲ್ ನಕ್ಕ. ಕೆ.ಆರ್. ಪುರದ ತೂಗುಸೇತುವೆ ಇಳಿಯುತ್ತಿದ್ದಂತೆ ಜೀಪು ಅಡ್ಡ ಬಂದು ನಿಂತಿತ್ತು. ಬಸ್ಸಿನ ತುಂಬ ಗಾರ್ಮೆಂಟ್ಸ್ ಹೆಂಗಸರು, ಮಡಿಲಲ್ಲಿ ಬುತ್ತಿ ಡಬ್ಬಿ.

"ಅಸಲಿ ಮಾಲಕರ ಹತ್ರ ಐತ್ರಿ ಸಾಹೇಬ್ರ."

"ಲೈಸೆನ್ಸ್ ಕೈಲಿಲ್ದೋನು ಗಾಡಿ ಮುಟ್ಬಾರ್ದು ಕಣೋ. ಕರೆಸು ಅವರನ್ನ."

ಬಸ್ ಮಾಲಕ ಮುನಿಆಂಜನಪ್ಪನ ಬಳಿ ಕೆಲಸಕ್ಕೆ ಸೇರುವ ಡ್ರೈವರು ಮೊದಲ ದಿನವೇ ಲೈಸೆನ್ಸನ್ನು ಅವನ ಬೀರುವಿಗೆ ಒಪ್ಪಿಸಬೇಕು. ಬೇರೆ ಗಾಡಿಗೆ ಹೋಗದಿರಲೆಂದು ಹಾಕುವ ಮೂಗುದಾರ ಅದು. ಕಗ್ಗದಾಸಪುರದ ರಾಗಿ ಹೊಲವನ್ನು ಸೈಟು ಮಾಡಿ ಮಾರಿ ಬಸ್ಸು ಕೊಂಡವನು; ಎತ್ತು ಕಟ್ಟುವ ಬುದ್ಧಿಯನ್ನು ಮಾತ್ರ ಮಾರಿರಲಿಲ್ಲ. ಸರ್ಕಾರಿ ಬಸ್ಸಿನ ಕೆಲಸದ ಸಂದರ್ಶನಕ್ಕೆ ನಾಳೆ ಅಮರಪ್ಪ ಅಸಲಿ ತೋರಿಸಬೇಕಿತ್ತು. ಕೇಳಿದರೆ ಮುನಿಆಂಜನಪ್ಪ, "ಹಬ್ಬ ಕಳೀಲಿ ನೋಡಾಣ" ಅಂದಿದ್ದ.

ಮುನಿಆಂಜನಪ್ಪ ಅಸಲಿ ಲೈಸೆನ್ಸು ಹಿಡಿದು ಕಾರಿನಲ್ಲಿ ಬಂದ.

"ಬನ್ನಿ ಯಜಮಾನ್ರೇ," ಇನ್ಸ್‌ಪೆಕ್ಟರು ಕೈ ಕುಲುಕಿದ. ಲೈಸೆನ್ಸು ತಿರುಗಿಸಿ ನೋಡಿ ಮುನಿಆಂಜನಪ್ಪನಿಗೇ ವಾಪಸು ಕೊಟ್ಟ. "ನಿಮ್ಮ ನಾಯಿ, ನಿಮ್ಮ ಚೈನು."

ಅಮರಪ್ಪ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

"ಏನ್ಲಾ ಕೈ ಚಾಚ್ತೀಯಾ, ಭಿಕ್ಷಕ್ಕೆ ಬಂದೋನಂಗೆ? ಹೋಗಿ ಗಾಡಿ ತೆಗಿ." ಅನ್ನುತ್ತ ಮುನಿಆಂಜನಪ್ಪ ಲೈಸೆನ್ಸನ್ನು ಜೇಬಿಗೆ ಹಾಕಿಕೊಂಡ.

ಅಮರಪ್ಪ ಬಸ್ಸು ಹತ್ತಿ ಇಂಜಿನ್ ಆರಿಸಿ ಕೀ ಎಳೆದ. ಮುಂದಿನ ಸೀಟಿನಲ್ಲಿದ್ದ, ಅವನದೇ ವಠಾರದ ಪೀರಮ್ಮ ಸಿಡುಕಿದಳು: "ಯಣ್ಣಾ, ಫ್ಯಾಕ್ಟರಿ ಗೇಟು ಮುಚ್ತಾರ. ಅರ್ಧ ದಿನದ ಪಗಾರ ಹೋಗ್ತೈತಿ. ನಿನ್ನ ಸಿಟ್ಟು ಸಂಜಿಗೆ ಇಟ್ಕೊ."

"ಇವತ್ತು ಲೈಸೆನ್ಸ್ ಕೈಗೆ ಬರಲಿಲ್ಲಂದ್ರ ಸಾಯೂತನಕ ಬರಂಗಿಲ್ಲ, ಪೀರವ್ವ."

ಅವಳು ಮಡಿಲಿನ ಡಬ್ಬಿಯ ಮುಚ್ಚಳ ಸಡಿಲಿಸಿದಳು. ಅವನು ಅವಳತ್ತ ಬಾಗಿದ. ಆಮೇಲೆ ಮುಷ್ಟಿ ಬಿಗಿಹಿಡಿದು ಇಳಿದು ಮುಂದಿನ ಗಾಲಿಯ ಎದುರು ಡಾಂಬರಿನ ಮೇಲೆ ಕೂತ.

"ಲೈಸೆನ್ಸ್ ಕೈಯಾಗಿಲ್ದವ ಗಾಡಿ ಮುಟ್ಟಬಾರ್ದಂದ್ರಿ. ಮುಟ್ಟಂಗಿಲ್ರಿ ಸಾಹೇಬ್ರ."

ಹಿಂದೆ ಲಾರಿಗಳು ಕಿರುಚತೊಡಗಿದವು. ಸೇತುವೆ ಮೇಲಿನವರೆಗೂ ಗಾಡಿಗಳು ಕಟ್ಟಿಕೊಂಡವು.

"ಕೀ ಕಿತ್ಕೊಳ್ರೀ," ಅಂದ ಮುನಿಆಂಜನಪ್ಪ.

ಲಾಠಿ ಅಮರಪ್ಪನ ಬೆರಳ ಗೆಣ್ಣಿನ ಮೇಲೆ ಬಿತ್ತು. ಮತ್ತೆ ಬಿತ್ತು. ಕಾನ್‌ಸ್ಟೇಬಲ್ ಮಂಡಿಯೂರಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅಂಗೈಯಲ್ಲಿ ಉಗುರು ಊರಿದ ಗುರುತು, ರಕ್ತ. ಬೇರೇನೂ ಇರಲಿಲ್ಲ.

ಕಾನ್‌ಸ್ಟೇಬಲ್ ಬಸ್ಸಿನತ್ತ ನೋಡಿದ. ಹತ್ತಿ, ಲಾಠಿಯಿಂದ ಸೀಟಿನ ಕಂಬಿಗೆ ಬಡಿದ.

"ಡಬ್ಬಿ ತೆಗೀರೇ, ಎಲ್ಲಾರೂ."

ಪೀರಮ್ಮ ಮುಚ್ಚಳದ ಮೇಲೆ ಎರಡೂ ಕೈ ಒತ್ತಿ ಮುಂದಿನ ಗಾಜನ್ನೇ ನೋಡುತ್ತಿದ್ದಳು. ಪಕ್ಕದವಳೂ ತನ್ನ ಡಬ್ಬಿಯ ಮೇಲೆ ಕೈ ಇಟ್ಟಳು. ಅವಳ ಹಿಂದಿನವಳೂ.