ಮೀಟರಮ್ಮನ ಮೈಲಿ

ಅವರ ನಡಿಗೆಯನ್ನು ಹಿಂದಿನಿಂದ ನೋಡಿದವರು ಯಾರೇ ಆಗಲಿ, ಮುಂದೆ ಎಲ್ಲೋ ಒಬ್ಬ ಬಡಪಾಯಿಗೆ ಇವತ್ತು ಗ್ರಹಚಾರ ಕಾದಿದೆ ಎಂದೇ ತಿಳಿಯುತ್ತಿದ್ದರು. ತಲೆ ದೇಹಕ್ಕಿಂತ ಅರ್ಧ ಗೇಣು ಮುಂದೆ, ಮೊಣಕೈಗಳು ಪಕ್ಕೆಗೆ ಬಿಗಿದಂತೆ, ಹಿಮ್ಮಡಿ ನೆಲಕ್ಕೆ ತಾಗುವ ಸದ್ದಿನಲ್ಲೇ ಒಂದು ತಕರಾರು. ಜಗಳಕ್ಕೆ ಹೊರಟವರ ನಡಿಗೆ ಅದು. ಆದರೆ ಅದರ ಕೊನೆಯಲ್ಲಿ ಇರುತ್ತಿದ್ದುದು ಯಾವುದೋ ಮನೆಯ ಗೇಟಿನ ಪಕ್ಕದ ಗುಂಡಿಯಲ್ಲಿ, ಜೇಡರಬಲೆಯ ಕೆಳಗೆ, ತನ್ನ ಪಾಡಿಗೆ ತಾನು ತಿರುಗುತ್ತಿದ್ದ ಒಂದು ನೀರಿನ ಮೀಟರು. ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬೂದುಬಣ್ಣದ ಇಲಾಖಾ ಕೋಟಿನ ಜೇಬಿನಿಂದ ಟಾರ್ಚು ತೆಗೆದು, ಗಾಜನ್ನು ಹೆಬ್ಬೆರಳಿನಿಂದ ಒರೆಸಿ, ಅಂಕಿಗಳನ್ನು ಸಾಕ್ಷಿ ಹೇಳುವವರಂತೆ ಗಟ್ಟಿಯಾಗಿ ಓದುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೆ ಓದಿ ಓದಿ ಊರಿಗೆಲ್ಲ ಮೀಟರಮ್ಮ ಆಗಿದ್ದರು. ಸಂಬಳದ ಚೀಟಿಯಲ್ಲಿ ಬೇರೊಂದು ಹೆಸರಿತ್ತು. ಅದನ್ನು ಹಿಡಿದು ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲ.

ನೀರಿನ ಮೀಟರಿನಲ್ಲಿ ಕಪ್ಪು ಅಂಕಿಗಳಿರುತ್ತವೆ, ಕೆಂಪು ಅಂಕಿಗಳಿರುತ್ತವೆ. ಬಿಲ್ಲಿಗೆ ಬೇಕಾದದ್ದು ಕಪ್ಪು ಮಾತ್ರ. ಕೆಂಪೆಂದರೆ ಬಿಡಿ ಲೀಟರುಗಳು, ಅವನ್ನು ಯಾರೂ ಬರೆದುಕೊಳ್ಳುವುದಿಲ್ಲ. ಮೀಟರಮ್ಮ ಬರೆದುಕೊಳ್ಳುತ್ತಿದ್ದರು. ಪುಸ್ತಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ನಾನು ಅದೇ ನೀರಿನ ಕಚೇರಿಯ ನಕ್ಷೆ ವಿಭಾಗಕ್ಕೆ ಹೊಸದಾಗಿ ಸೇರಿದವನು, ಇನ್ನೂ ಕಾಯಂ ಆಗದವನು, ಆದ್ದರಿಂದ ಬುದ್ಧಿವಂತನಂತೆ ಕಾಣಲು ಸದಾ ಹೆಣಗುತ್ತಿದ್ದವನು. ಒಂದು ದಿನ ಕೇಳಿಯೇಬಿಟ್ಟೆ.

"ಕೆಂಪು ಅಂಕಿ ಯಾಕಮ್ಮಾ, ಅದು ಲೆಕ್ಕಕ್ಕಿಲ್ಲವಲ್ಲ?"

"ಅದೂ ತಿರುಗಿದೆಯಲ್ಲ ತಮ್ಮಾ. ಸುಮ್ಮನೆ ತಿರುಗುತ್ತಾ?" ಎಂದರು. ಅಷ್ಟೇ. ನನ್ನನ್ನು ನೋಡಿದ ರೀತಿಯಲ್ಲಿ, ನಾನೂ ಹಾಗೆ ಸುಮ್ಮನೆ ತಿರುಗುವ ಪೈಕಿಯವನೇ ಎಂಬ ಸಂಶಯ ಸ್ಪಷ್ಟವಾಗಿತ್ತು.

ಅಂಥವರ ಮೇಲೆ ಬಂದು ಬಿದ್ದದ್ದು ಒಂದು ಸುತ್ತೋಲೆ. ಹೊಸದಾಗಿ ಬಂದ ಸಾಹೇಬರು ದಕ್ಷರು. ದಕ್ಷತೆ ಎಷ್ಟೆಂದರೆ ಎರಡನೆಯ ಮಹಡಿಗೂ ಲಿಫ್ಟಿನಲ್ಲೇ ಹೋಗಿ ಸಮಯ ಉಳಿಸುತ್ತಿದ್ದರು. ಬೀದಿ ಕೆಲಸದ ಸಿಬ್ಬಂದಿಯಲ್ಲಿ ಐವತ್ತು ದಾಟಿದವರು ಹತ್ತು ನಿಮಿಷದೊಳಗೆ ಒಂದು ಮೈಲಿ ಓಡಿ ತಮ್ಮ ದೇಹದಾರ್ಢ್ಯವನ್ನು ಸಾಬೀತುಪಡಿಸತಕ್ಕದ್ದು, ತಪ್ಪಿದರೆ ಅವರನ್ನು ಬಿಲ್ ಕೌಂಟರಿನಲ್ಲಿ ಕೂರಿಸಲಾಗುವುದು ಎಂಬುದು ಅವರು ಹೊರಡಿಸಿದ ಆಜ್ಞೆ. ಮೀಟರು ಯಾರನ್ನೂ ಕಂಡು ಓಡಿಹೋಗುವ ಪ್ರಾಣಿಯಲ್ಲ, ಅದನ್ನು ಹಿಡಿಯಲು ಹತ್ತು ನಿಮಿಷದ ಮೈಲಿ ಯಾಕೆ ಬೇಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನನಗಂತೂ ಇರಲೇ ಇಲ್ಲ. ನಾನು ಆ ಸುತ್ತೋಲೆಯ ಪ್ರತಿಗಳಿಗೆ ಮೊಹರು ಒತ್ತಿದವನು.

ಮೀಟರಮ್ಮನಿಗೆ ಐವತ್ತೆರಡು. ಅವರ ಮಗಳು, ದರ್ಜಿ ಅಂಗಡಿ ಇಟ್ಟುಕೊಂಡವಳು, ಕಚೇರಿಗೇ ಬಂದು ನನ್ನೆದುರೇ ತಾಯಿಗೆ ಹೇಳಿದಳು: "ಕೌಂಟರಾದರೆ ಫ್ಯಾನ್ ಇದೆ, ಕುರ್ಚಿ ಇದೆ. ಸಂಬಳ ಅಷ್ಟೇ ಬರುತ್ತೆ. ನಿನಗೇನಮ್ಮಾ ಹಠ?"

"ಅಲ್ಲಿ ಕೂತರೆ ಊರೆಲ್ಲ ಜಗಳ ಹೊತ್ತುಕೊಂಡು ನನ್ನ ಹತ್ತಿರ ಬರುತ್ತೆ. ಈಗ ನಾನೇ ಊರಿನ ಹತ್ತಿರ ಹೋಗ್ತೀನಿ. ಎರಡೂ ಒಂದೇನಾ?"

"ಎರಡರಲ್ಲೂ ಜಗಳ ಅಂತೂ ಇದ್ದೇ ಇರುತ್ತೆ ಬಿಡು" ಎಂದಳು ಮಗಳು, ಅರಿವೆಯನ್ನು ಅಳೆದು ಕತ್ತರಿಸುವಷ್ಟೇ ಖಚಿತವಾಗಿ.

ಈ ಕಥೆಯಲ್ಲಿ ನನ್ನ ಪ್ರವೇಶ ಹಾಸ್ಯಪಾತ್ರವಾಗಿಯೇ ಆದದ್ದು. ಕೂತು ಕೂತು ಬೆಳೆದ ಹೊಟ್ಟೆಯನ್ನು ಕರಗಿಸಲು ನಾನು ಶಾಲಾ ಮೈದಾನದಲ್ಲಿ ಓಡಲು ಹೋಗುತ್ತಿದ್ದೆ. ಅಂದರೆ, ಬೂಟು ಕೊಂಡಿದ್ದೆ. ಒಂದು ಮೈಲಿಗೆ ಹನ್ನೆರಡು ನಿಮಿಷ ಹತ್ತು ಸೆಕೆಂಡು ತೆಗೆದುಕೊಳ್ಳುತ್ತಿದ್ದೆ, ಅಷ್ಟಕ್ಕೇ ನನ್ನ ಫೋನಿನೊಳಗಿನ ಯಾರೋ ನನಗೆ ಪದಕ ಕೊಡುತ್ತಿದ್ದರು. ಒಂದು ಬೆಳಿಗ್ಗೆ ಮೀಟರಮ್ಮ ಕೋಟು ತೊಟ್ಟುಕೊಂಡೇ ಮೈದಾನಕ್ಕೆ ಬಂದರು. ಮೊದಲ ದಿನ ಹನ್ನೆರಡು ನಲವತ್ತೇಳು. ನನಗಿಂತ ಮೂವತ್ತೇಳು ಸೆಕೆಂಡು ಹಿಂದೆ ಎಂದು ನನ್ನೊಳಗೆ ಒಂದು ಕ್ಷುದ್ರವಾದ ಆನಂದ ಉಕ್ಕಿದ್ದು ನಿಜ. ಅದು ಐದು ವಾರ ಬಾಳಿತು.

ಅವರು ಓಡುವುದನ್ನು ಕಲಿತದ್ದು ಯಾವ ತರಬೇತುದಾರನಿಂದಲೂ ಅಲ್ಲ, ಸೋರುವ ಕೊಳವೆಗಳಿಂದ. ನಾಲ್ಕು ಸುತ್ತು, ಜೊತೆಗೆ ಒಂಬತ್ತು ಮೀಟರು. ಆ ಮೈದಾನದ ಸುತ್ತು ನಾನೂರು ಮೀಟರಿನದು, ಮೈಲಿ ನಾಲ್ಕು ಸುತ್ತಿಗಿಂತ ಒಂಬತ್ತು ಮೀಟರು ಉದ್ದ ಎಂದು ಮೊದಲ ವಾರವೇ ಕೇಳಿ ತಿಳಿದು, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಿದ್ದರು. ನಾನು ತಿಂಗಳುಗಟ್ಟಲೆ ಆ ಒಂಬತ್ತು ಮೀಟರುಗಳನ್ನು ನುಂಗಿಕೊಂಡು ಮೈಲಿ ಓಡಿದೆನೆಂದು ಹೇಳಿಕೊಂಡಿದ್ದೆ. ಪ್ರತಿ ಸುತ್ತಿಗೂ ನಾನು ಸಮಯ ಕೂಗಬೇಕು, ಅವರು ಮನಸ್ಸಿನಲ್ಲಿ ಇಟ್ಟುಕೊಂಡು ಕೊನೆಗೆ ಪುಸ್ತಕಕ್ಕೆ ಇಳಿಸಬೇಕು. ಹದಿನೈದು ದಿನದ ಅಂಕಿಗಳನ್ನು ಮುಂದಿಟ್ಟುಕೊಂಡು ಒಂದು ದಿನ ತೀರ್ಪು ಕೊಟ್ಟರು.

"ಮೊದಲನೇ ಸುತ್ತಲ್ಲಿ ನಲ್ಲಿ ಪೂರ್ತಿ ಬಿಡ್ತಿದ್ದೀನಿ. ಮೂರನೇ ಸುತ್ತಿಗೆ ತೊಟ್ಟೂ ಇಲ್ಲ. ಸೋರಿಕೆ ಇರೋದು ಮೊದಲನೇದರಲ್ಲಿ, ಕಾಣಿಸೋದು ಮೂರನೇದರಲ್ಲಿ."

ಅಂದಿನಿಂದ ಮೊದಲ ಸುತ್ತನ್ನು ಹಟ ಹಿಡಿದು ನಿಧಾನವಾಗಿ ಓಡಿದರು; ನಾನು ಪಕ್ಕದಲ್ಲಿ ಗಾಳಿಯಂತೆ ದಾಟಿ ಹೋಗಿ ಮುಂದಿನ ತಿರುವಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿರುವುದನ್ನು ನೋಡಿಯೂ ಅವಸರಪಡಲಿಲ್ಲ. ವಾರಕ್ಕೆರಡು ದಿನ ಅರ್ಧ ಸುತ್ತು ಬಿರುಸಾಗಿ, ಅರ್ಧ ಸುತ್ತು ನಡೆದು, ಹೀಗೆ ಎಂಟು ಸಲ. ಒಂದು ದಿನ ಮಾತನಾಡುತ್ತಾ ಓಡುವಷ್ಟು ಸಾವಕಾಶವಾಗಿ ದೂರದ ಓಟ. ಆ ದಿನ ಅವರು ಮಾತನಾಡುತ್ತಿದ್ದರು, ನಾನು ಏದುಸಿರಿನಲ್ಲಿ ಒಪ್ಪಿಕೊಳ್ಳುತ್ತಿದ್ದೆ. ಎರಡನೆಯ ತಿಂಗಳು ಕೋಟು ಕಳಚಿ ಕಂಬಿಗೆ ನೇತುಹಾಕಿದರು. ನಾಲ್ಕನೆಯ ತಿಂಗಳ ಕೊನೆಗೆ ಒಂಬತ್ತು ನಿಮಿಷ ಐವತ್ತೊಂದು ಸೆಕೆಂಡು. ನಾಲ್ಕು ಸುತ್ತುಗಳ ನಡುವೆ ಹೆಚ್ಚೆಂದರೆ ಐದು ಸೆಕೆಂಡಿನ ಅಂತರ. ನಾನು ಹನ್ನೊಂದೂವರೆಗೆ ಇಳಿದಿದ್ದೆ. ಫೋನು ಇನ್ನೊಂದು ಪದಕ ಕೊಟ್ಟಿತು.

ಪರೀಕ್ಷೆಯನ್ನು ಶಾಲಾ ಮೈದಾನದಲ್ಲಿ ಇಡಬೇಕಾದರೆ ಶಾಲೆಗೆ ಪತ್ರ ಬರೆಯಬೇಕಿತ್ತು. ಸಾಹೇಬರು ದಕ್ಷರಾದ್ದರಿಂದ ನಮ್ಮದೇ ಆವರಣದ ದೊಡ್ಡ ನೀರಿನ ಟ್ಯಾಂಕಿನ ಸುತ್ತ ಓಡಿಸುವುದೆಂದು ನಿಶ್ಚಯಿಸಿ, ನನ್ನನ್ನು ಕರೆದು ಅದರ ಸುತ್ತಳತೆ ಕೇಳಿದರು. ನಾನು ಕುರ್ಚಿಯಿಂದ ಏಳದೆ, ನಕ್ಷೆ ಬಿಚ್ಚಿ, ವ್ಯಾಸವನ್ನು ಗುಣಿಸಿ, ಇನ್ನೂರ ಅರವತ್ತೆಂಟು ಮೀಟರು ಎಂದೆ. ಆರು ಸುತ್ತಿಗೆ ಮೈಲಿಗಿಂತ ಒಂದೇ ಒಂದು ಮೀಟರು ಕಡಿಮೆ ಎಂದೂ ಸೇರಿಸಿದೆ. "ಭೇಷ್, ಚುರುಕಾಗಿದ್ದೀಯ" ಎಂದರು. ಆ ಹೊಗಳಿಕೆಯನ್ನು ನಾನು ಮನೆಗೆ ಫೋನ್ ಮಾಡಿ ಹೇಳಿದೆ.

ಪರೀಕ್ಷೆಯ ಬೆಳಿಗ್ಗೆ ಓಡಿದವರು ಇಬ್ಬರೇ: ಮೀಟರಮ್ಮ, ಮತ್ತೆ ಬೀದಿ ಬೀದಿಯ ವಾಲ್ವು ತಿರುಗಿಸಿ ನೀರು ಬಿಡುವ ದಪ್ಪನೆಯ ಆಸಾಮಿ. ಮೈದಾನದ ಓಟದಂತೆಯೇ ಹೋದರೆ ಒಂದು ಸುತ್ತಿಗೆ ಒಂದು ನಿಮಿಷ ಮೂವತ್ತೆಂಟು ಸೆಕೆಂಡಾಗಬೇಕು ಎಂದು ಮೀಟರಮ್ಮ ಲೆಕ್ಕ ಹಾಕಿಟ್ಟಿದ್ದರು. ಮೊದಲ ಸುತ್ತು ಮುಗಿಸಿ ಬಂದಾಗ ನಾನು ಕೂಗಿದೆ, ಒಂದು ನಲವತ್ತೈದು. ಗಡಿಯಾರವನ್ನು ನಾನೇ ಕೆಡಿಸಿದೆನೆಂಬಂತೆ ನನ್ನನ್ನು ದುರುಗುಟ್ಟಿ ನೋಡಿ ಮುಂದೆ ಹೋದರು. ಕಳೆದುಹೋದ ಏಳು ಸೆಕೆಂಡುಗಳ ಬೆನ್ನು ಹತ್ತಿ ಎರಡನೆಯ ಸುತ್ತನ್ನು ಬಿರುಸಾಗಿ ಓಡಿದರು, ಆಗಲೂ ಒಂದು ನಲವತ್ತೊಂದು; ನಾಲ್ಕನೆಯದರಲ್ಲಿ ಉಸಿರು ಮುರಿಯಿತು. ಮುಗಿಸಿದಾಗ ಹತ್ತು ನಿಮಿಷ ಮೂವತ್ತೊಂದು ಸೆಕೆಂಡು. ವಾಲ್ವಿನವನಿಗೆ ಹನ್ನೊಂದು ದಾಟಿತ್ತು. ಸಾಹೇಬರು ಇಬ್ಬರ ಹೆಸರಿನ ಮುಂದೆಯೂ ಗೀಟು ಎಳೆದು ಲಿಫ್ಟಿನ ಕಡೆಗೆ ಹೋದರು.

ಮೀಟರಮ್ಮ ಅಲ್ಲೇ ಬಿದ್ದಿದ್ದ ಹಳೆಯ ಕೊಳವೆಯ ಮೇಲೆ ಕೂತರು. ನಾನು ನೀರಿನ ಬಾಟಲಿ ಚಾಚಿ, ಸಮಾಧಾನದ ಮಾತೊಂದನ್ನು ಹುಡುಕುತ್ತಿದ್ದೆ. ಅವರಿಗೆ ಎರಡೂ ಬೇಕಾಗಿರಲಿಲ್ಲ. "ನಾಲ್ಕು ತಿಂಗಳ ರೀಡಿಂಗ್ ಒಂದೇ ಬೆಳಿಗ್ಗೆ ಸುಳ್ಳಾಗಲ್ಲ" ಎಂದು ಟ್ಯಾಂಕಿಗೆ ಹೇಳಿ ಎದ್ದರು.

ಮರುದಿನ ಕೊಳವೆ ಹೂಳುವವರು ಬಳಸುವ ಅಳತೆಯ ಚಕ್ರವನ್ನು ಎರವಲು ತಂದು, ಓಡಿದ ಹಾದಿಯಲ್ಲೇ ಎರಡು ಸಲ ಉರುಳಿಸಿ, ನೇರ ನನ್ನ ಮೇಜಿಗೆ ಬಂದರು. ಆ ಹಿಮ್ಮಡಿಯ ಸದ್ದು ಮೆಟ್ಟಿಲಲ್ಲಿ ಕೇಳಿದಾಗಲೇ, ಇವತ್ತಿನ ಬಡಪಾಯಿ ನಾನೇ ಎಂದು ಗೊತ್ತಾಯಿತು.

"ಇನ್ನೂರ ಅರವತ್ತೆಂಟು ಎಲ್ಲಿಂದ ಬಂತು?"

"ನಕ್ಷೆಯಿಂದ, ಅಮ್ಮಾ."

"ನಕ್ಷೆಯಲ್ಲಿ ಅದು ಯಾವುದರ ಅಳತೆ?"

"ಟ್ಯಾಂಕಿನ ಗೋಡೆಯದು."

"ನಾನು ಗೋಡೆ ಮೇಲೆ ಓಡಿದ್ನಾ?"

ಗೋಡೆಗೂ ಕಾಲುಹಾದಿಗೂ ನಡುವೆ ಗಿಡದ ಪಾತಿ, ಅದರಾಚೆ ಬೇಲಿ, ಒಟ್ಟು ಮೂರು ಮೀಟರು. ಹಾದಿಯ ಸುತ್ತಳತೆ ಇನ್ನೂರ ಎಂಬತ್ತೇಳು. ಆರು ಸುತ್ತಿಗೆ ಅವರು ಮೈಲಿಯ ಮೇಲೆ ನೂರ ಹದಿಮೂರು ಮೀಟರು ಹೆಚ್ಚು ಓಡಿದ್ದರು. ಸರಿಯಾದ ಮೈಲಿಯನ್ನು ಹತ್ತು ನಿಮಿಷದೊಳಗೇ ದಾಟಿದ್ದರು. ಜಗತ್ತಿನಲ್ಲಿ ನೀರಿನ ಕಚೇರಿಯವರು ಮಾತ್ರ ಮಾಡಬಲ್ಲ ತಪ್ಪು ಇದು: ನಮಗೆ ನೀರು ನಿಂತ ಜಾಗದ ಅಳತೆ ಗೊತ್ತು, ಮನುಷ್ಯ ನಡೆಯುವ ಜಾಗದ್ದು ಗೊತ್ತಿಲ್ಲ.

ಸಾಹೇಬರ ಕೋಣೆಯಲ್ಲಿ ನಾನು ಬಾಗಿಲ ಹತ್ತಿರ ನಿಂತಿದ್ದೆ, ಅಗತ್ಯ ಬಿದ್ದರೆ ಹೊರಗಿದ್ದೆನೆಂದು ಹೇಳಿಕೊಳ್ಳಬಹುದಾದಷ್ಟು ಹತ್ತಿರ. ಮೀಟರಮ್ಮ ಅಂಕಿಗಳನ್ನು ಗಟ್ಟಿಯಾಗಿ ಓದಿದರು. ಸಾಹೇಬರು ಕೇಳಿ, ಬೆರಳು ಹೆಣೆದು, ಮೃದುವಾಗಿ ನಕ್ಕರು.

"ನೋಡೀಮ್ಮ, ನೂರು ಮೀಟರ್ ಆಚೀಚೆ ಅಂತ ಫೈಲ್ ತಿರುಗಿ ತೆಗೆಯೋಕಾಗಲ್ಲ. ಆದರೆ ಮನುಷ್ಯತ್ವ ಅಂತ ಒಂದಿದೆಯಲ್ಲ. ಅನುಕಂಪದ ಮೇರೆಗೆ ವಿನಾಯಿತಿ ಅಂತ ಬರೆದುಬಿಡ್ತೀನಿ. ನೀವು ಬೀದಿಯಲ್ಲೇ ಇರಿ."

"ಅನುಕಂಪ ಯಾರಿಗೆ ಸರ್? ಓಡಿದವರಿಗಾ, ಅಳತೆ ತಪ್ಪಿದವರಿಗಾ?"

"ನಿಮಗೆ ಬೇಕಾದ್ದು ಸಿಗ್ತಾ ಇದೆಯಲ್ಲ."

"ನಾನು ಓಡಿ ತಗೊಂಡಿದ್ದನ್ನ ನೀವು ಕರುಣೆಯಿಂದ ಕೊಡೋದು ಬೇಡ. ತಪ್ಪಾಯ್ತು ಅಂತ ಬರೀರಿ."

ಬರೆಯಲಿಲ್ಲ. ಹೀಗೆ ಮೀಟರಮ್ಮ, ಕೈಗೆ ಬಂದ ಬೀದಿಯನ್ನು ಒಂದು ಪದದ ಮೇಲಿನ ಸಿಟ್ಟಿಗೆ ತಳ್ಳಿ, ಕೌಂಟರಿನ ಫ್ಯಾನಿನ ಕೆಳಗೆ ಹೋಗಿ ಕೂತರು. ಕಚೇರಿಯೆಲ್ಲ ಅವರನ್ನು ಬೈದಿತು: ಹೆಂಗಸಿಗೆ ಅಷ್ಟು ಕೊಬ್ಬು ಯಾಕೆ, ಕೊಟ್ಟಾಗ ತೆಗೆದುಕೊಳ್ಳಬಾರದಿತ್ತೇ ಎಂದು. ನನ್ನ ಮೈ ಉರಿಯುತ್ತಿತ್ತು. ಉರಿಯುತ್ತಿತ್ತೆಂದರೆ ಮೇಜಿನಡಿಯಲ್ಲಿ, ಯಾರಿಗೂ ಕಾಣದಂತೆ. ತಪ್ಪು ನನ್ನದೆಂದು ನಾನು ಬರೆದುಕೊಟ್ಟರೆ ಸಾಹೇಬರು ಫೈಲು ತೆರೆಯಲೇಬೇಕಿತ್ತು. ಬರೆದುಕೊಟ್ಟರೆ ನನ್ನ ಕಾಯಮಾತಿಯೂ ಅದೇ ಫೈಲಿನೊಳಗೆ ಹೋಗಿ ಮಲಗುತ್ತಿತ್ತು. ಹತ್ತೊಂಬತ್ತು ದಿನ ನಾನು ಧರ್ಮಸಂಕಟ ಎಂದು ಕರೆದುಕೊಂಡದ್ದು, ನಿಜವಾದ ಹೆಸರು ಹೇಳುವುದಾದರೆ, ಪುಕ್ಕಲುತನ. ಆ ಹತ್ತೊಂಬತ್ತು ಬೆಳಿಗ್ಗೆಯೂ ಅವರು ಮೈದಾನಕ್ಕೆ ಬಂದು ಓಡುತ್ತಿದ್ದರು, ನಾನು ಸಮಯ ಕೂಗುತ್ತಿದ್ದೆ, ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಅವರು ಒಂದು ಸಲವಾದರೂ ಬೈದಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು.

ಇಪ್ಪತ್ತನೆಯ ದಿನ ಒಂದು ಟಿಪ್ಪಣಿ ಬರೆದು, ಸಾಹೇಬರಿಗೆ ಕೊಡುವ ಮೊದಲು ಕೌಂಟರಿನ ಕಿಂಡಿಯೊಳಗೆ ತೂರಿಸಿದೆ. ಹಿಂದೆ ಸಾಲು ನಿಂತಿತ್ತು. ಅವರು ಸಾವಕಾಶವಾಗಿ ಓದಿದರು.

"'ಅಳತೆಯಲ್ಲಿ ವ್ಯತ್ಯಾಸ ಉಂಟಾಗಿರುತ್ತದೆ' ಅಂದರೆ? ತಾನಾಗೇ ಆಯ್ತಾ? ಮಳೆ ಬಂದ ಹಾಗೆ?"

"ಕಚೇರಿ ಭಾಷೆ ಅಮ್ಮಾ, ಹಾಗೇ ಬರೆಯೋದು."

"ಯಾರು ಮಾಡಿದ್ದು ಅಂತ ಬರೆಯೋಕೆ ಕಚೇರೀಲಿ ಭಾಷೆ ಇಲ್ವಾ?"

ಹಿಂದಿನಿಂದ ಯಾರೋ, "ಬೇಗ ಬರಿಯಪ್ಪಾ, ನಮಗೂ ಕೆಲಸ ಇದೆ" ಎಂದರು. ಆ ಕಿಂಡಿಯ ಕಟ್ಟೆಯ ಮೇಲೆಯೇ, ಅವರ ಪೆನ್ಸಿಲಿನಲ್ಲಿಯೇ, 'ನಾನು ಗೋಡೆಯ ಸುತ್ತಳತೆಯನ್ನು ಹಾದಿಯದೆಂದು ತಪ್ಪಾಗಿ ಕೊಟ್ಟೆ, ಹೋಗಿ ಅಳೆಯಲಿಲ್ಲ' ಎಂದು ಬರೆದೆ. ನನ್ನ ಜೀವನದ ಮೊದಲ ಕರ್ತರಿ ಪ್ರಯೋಗ.

ಎರಡು ವಾರದ ಮೇಲೆ ಮರುಪರೀಕ್ಷೆಯಾಯಿತು. ಅದೇ ಹಾದಿ, ಐದು ಸುತ್ತು ಮತ್ತು ನೂರ ಎಪ್ಪತ್ತನಾಲ್ಕು ಮೀಟರು; ಗೆರೆ ಎಳೆದವರು ಯಾರೆಂದು ಹೇಳಬೇಕಾಗಿಲ್ಲ. ವಾಲ್ವಿನವನು ಹತ್ತು ನಿಮಿಷ ಹತ್ತೊಂಬತ್ತು ಸೆಕೆಂಡಿಗೆ ಬಂದು ನೆಲಕ್ಕೊರಗಿ, "ಕೌಂಟರ್ ಸಿಕ್ಕಿತ್ತು, ಸುಮ್ಮನೆ ಇರ್ತಿದ್ದೆ. ಎರಡನೇ ಸಲ ಓಡಿಸಿಬಿಟ್ರಲ್ಲಮ್ಮಾ" ಎಂದು ನರಳಿದ. ಅವನಿಗೆ ಫ್ಯಾನು ನ್ಯಾಯವಾಗಿಯೇ ದಕ್ಕಿತು. ಮೀಟರಮ್ಮ ಒಂಬತ್ತು ನಿಮಿಷ ನಲವತ್ತೆಂಟು ಸೆಕೆಂಡು. ಮೊದಲ ಸುತ್ತು ನಿಧಾನ, ಮೂರನೆಯದು ಸೋರದೆ, ಕೊನೆಯದು ಜಗಳದಂತೆ.

"ಈ ವಯಸ್ಸಿಗೆ ಅದ್ಭುತ" ಎಂದರು ಸಾಹೇಬರು, ಕೈ ಚಾಚಿ.

"ವಯಸ್ಸು ಓಡಲಿಲ್ಲ ಸರ್. ನಾನು ಓಡಿದ್ದು."

ಮರುದಿನ ಅವರು ಬೀದಿಗೆ ಹೋದರು. ನನ್ನ ಕಾಯಮಾತಿ ಆರು ತಿಂಗಳು ಮುಂದೆ ಹೋಯಿತು. ಇಷ್ಟೆಲ್ಲ ತ್ಯಾಗ ಮಾಡಿದವನಿಗೆ ಒಂದು ಕೃತಜ್ಞತೆಯ ಮಾತಾದರೂ ಬರಬಹುದೆಂದು ಒಂದು ವಾರ ಕಾದು, ಕೊನೆಗೆ ನಾಚಿಕೆ ಬಿಟ್ಟು ನಾನೇ ಸೂಚಿಸಿದೆ. ಅವರು ಬೂಟಿನ ದಾರ ಕಟ್ಟುತ್ತಾ ತಲೆಯೆತ್ತಿದರು. "ತಪ್ಪನ್ನ ತಪ್ಪು ಅಂತ ಬರೆದದ್ದಕ್ಕೆ ಥ್ಯಾಂಕ್ಸಾ? ಹಾಗಾದರೆ ನಾನು ಮೀಟರ್ ಸರಿಯಾಗಿ ಓದಿದ್ದಕ್ಕೆ ಊರೆಲ್ಲ ನನಗೆ ಎಷ್ಟು ಥ್ಯಾಂಕ್ಸ್ ಬಾಕಿ ಇಟ್ಟಿದೆ ಲೆಕ್ಕ ಹಾಕು." ನನಗೆ ಸಿಟ್ಟು ಬಂತು. ಬಹಳ ಹೊತ್ತು ಇತ್ತು. ಅದು ಅವರ ಮೇಲಿನದಲ್ಲವೆಂದು ತಿಳಿಯಲು ಎರಡು ಸುತ್ತು ಬೇಕಾಯಿತು.

ಇಂಥವರನ್ನು ನಾವು ಜಗಳಗಂಟರೆನ್ನುತ್ತೇವೆ, ಹೊಂದಿಕೊಳ್ಳಲು ಬಾರದವರೆನ್ನುತ್ತೇವೆ, ವಯಸ್ಸಾದಂತೆ ಮೆತ್ತಗಾದಾರೆಂದು ಕಾಯುತ್ತೇವೆ. ಅವರು ಕೇಳುವುದು ಬಹಳ ಸಣ್ಣದು: ಓಡಿದಷ್ಟು ದೂರವನ್ನು ಓಡಿದಷ್ಟೆಂದು ಬರೆಯಿರಿ. ಅದನ್ನೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ, ವಿನಾಯಿತಿಯನ್ನು, ಅನುಕಂಪವನ್ನು, ಚಪ್ಪಾಳೆಯನ್ನು, ನಾವು ಧಾರಾಳವಾಗಿ ಕೊಡಲು ಸಿದ್ಧರಿರುತ್ತೇವೆ. ಏಕೆಂದರೆ ದಯೆ ತೋರಿಸುವಾಗ ನಾವು ಮೇಲಿರುತ್ತೇವೆ, ತಪ್ಪೊಪ್ಪಿಕೊಳ್ಳುವಾಗ ಅವರ ಎದುರಿಗೆ, ಅದೇ ನೆಲದ ಮೇಲೆ, ಬಂದು ನಿಲ್ಲಬೇಕಾಗುತ್ತದೆ.