ಬಿಳಿಯೋ ಕಂದೋ, ಬೆರಳು ಮಾಡಿ ತೋರಿಸ್ರಿ

ಕನ್ನೊಳ್ಳಿಯ ಅಂಗನವಾಡಿ ಟೀಚರ್ ರಾಜಶ್ರೀ ಸಿಂದಗಿಯ ಹಲ್ಲಿನ ದವಾಖಾನೆಯ ಕುರ್ಚಿಯಲ್ಲಿ ಬಾಯಿ ತೆರೆದು ಅಂಗಾತ ಬಿದ್ದಿದ್ದಳು. ತುಟಿಯೊಳಗೆ ಹತ್ತಿ, ನಾಲಿಗೆಯ ಪಕ್ಕ ಜೊಲ್ಲು ಎಳೆಯುವ ನಳಿಕೆ. ಒಂದೇ ಕೋಣೆ, ಪರದೆ ಇಲ್ಲ. ಅವಳೇ ಟೆಂಪೋ ಹತ್ತಿಸಿ ಕರೆತಂದ ಊರ ಹೆಂಗಸರು ಎದುರಿನ ಬೆಂಚಿನಲ್ಲಿ ಕೂತು ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಮೊದಲ ಅಕ್ಕೋರು ತೋರಿಸ್ಕೊಳ್ಳಲಿ, ಆಮ್ಯಾಲೆ ನಾವು" ಅಂತ ಹಟ ಹಿಡಿದವಳು ಮುದುಕಿ ಗುರವ್ವ. ಮಿಶ್ರಿ ಬಿಡು, ಹುರಿದ ತಂಬಾಕಿನ ಆ ಕರಿಪುಡಿ ಹಲ್ಲಿಗೆ ತಿಕ್ಕಬೇಡ ಅಂತ ರಾಜಶ್ರೀ ವರ್ಷಗಟ್ಟಲೆ ಬೆನ್ನು ಹತ್ತಿದ್ದು ಇವಳಿಗೇ.

ಅದೇ ಪುಡಿಯ ಡಬ್ಬಿಯೊಂದು ಈಗ ರಾಜಶ್ರೀಯ ನಿರಿಗೆಯಲ್ಲಿ ಸಿಕ್ಕಿಕೊಂಡು ಹೊಟ್ಟೆಗೆ ಒತ್ತುತ್ತಿತ್ತು. ಹಲ್ಲುನೋವಿಗೆಂದು ಹಚ್ಚಿಕೊಂಡದ್ದು, ನೋವು ಹೋದರೂ ಕೈ ಬಿಡಲಿಲ್ಲ. ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ.

ಹುಳುಕು ಕೊರೆದು ತೆಗೆದ ಡಾಕ್ಟರ್ ಹುಮಾ ಬೆಂಚಿಗೂ ಕೇಳುವಂತೆ ಹೇಳಿದಳು: "ಹಲ್ಲಿನ ಬಣ್ಣದ್ದು ಎರಡು ಥರ ಐತ್ರಿ. ಗಾಜಿನ ಪುಡಿಯ ಸಿಮೆಂಟು ತುಸು ಹಸಿ ಇದ್ರೂ ಹಿಡಿತೈತಿ, ಹುಳುಕಿಗೂ ಆಸರ ಕೊಡೂದಿಲ್ಲ. ಖರೆ, ಸುಣ್ಣದಂಗ ಮಂಕ, ಲಗೂ ಸವಿತೈತಿ. ಇನ್ನೊಂದು ಕಾಂಪೋಸಿಟ್, ಅದಕ್ಕ ಹನಿ ನೀರು ತಾಗಬಾರದು. ನೀಲಿ ಲೈಟ್ ಹಿಡಿದ್ರ ಅಲ್ಲೇ ಗಟ್ಟಿ. ಮುಂದಿನ ಹಲ್ಲಿಗೆ ಅದ ಚಂದ."

"ಚಂದಂದ ಹಾಕ್ರಿ ಡಾಕ್ಟರ್ ಬಾಯಾರ, ಭಾಷಣ ಮಾಡೋ ಬಾಯಿ ಅದು!" ಅಂದಳು ಗುರವ್ವ. ಬೆಂಚೆಲ್ಲ ನಕ್ಕಿತು.

ಹುಮಾ ಹಲ್ಲಿನ ಬಣ್ಣದ ನಮೂನೆಗಳನ್ನು ಹಿಡಿದು, ಬಗ್ಗಿ, ದನಿ ಇಳಿಸಿದಳು. "ಹಲ್ಲಿನ ಮ್ಯಾಲಿನ ಈ ಕಲಿ ಚಾದ್ದಲ್ರಿ, ಮಿಶ್ರಿದು. ನನಗ ಗೊತ್ತೈತಿ. ಬಿಡವ್ರಿದ್ರ ಎಲ್ಲಾ ಹಲ್ಲು ತಿಕ್ಕಿ ಬಿಳಿದು ತುಂಬ್ತೇನಿ. ಬಿಡವ್ರಲ್ಲಂದ್ರ ಈ ಕಂದು, ಕಲಿಗೆ ಹೊಂದತೈತಿ. ಬಿಳಿ ತುಂಬಿಸ್ಕೊಂಡು ಮತ್ತ ಹಚ್ಚಿದ್ರ ಅಂಚಿಗೆ ಕರಿ ಗೆರಿ ಕೂಡ್ತೈತಿ, ನಕ್ಕಾಗೊಮ್ಮೆ ಕಾಣ್ತೈತಿ. ಬೆರಳು ಮಾಡಿ ತೋರಿಸ್ರಿ."

ಗುರವ್ವ ಎದ್ದು ಹತ್ತಿರವೇ ಬಂದು ನಿಂತಳು. "ಅಕ್ಕೋರು ಯಾವುದಕ್ಕ ಬೆರಳು ಮಾಡ್ತಾರೋ, ನನಗೂ ಅದ ಇರ್ಲಿ."

ಕಂದು ತೋರಿಸಿದರೆ ಇಷ್ಟು ದಿನ ಆಡಿದ ಮಾತೆಲ್ಲ ಮಣ್ಣುಪಾಲು. ಬಿಳಿ ತೋರಿಸಿದರೆ ನಾಳೆ ಬೆಳಗಿನಿಂದ ಮಿಶ್ರಿ ಇಲ್ಲ. ನೆನೆದರೇ ಒಸಡು ತುರಿಸಿತು. ಬಾಯಿ ಮುಚ್ಚುವಂತಿಲ್ಲ, ಮುಖ ತಿರುಗಿಸುವಂತಿಲ್ಲ.

"ಲಗೂ ತೋರಿಸ್ರಿ, ಹತ್ತಿ ಹಸಿ ಆಗಾಕತ್ತೈತಿ" ಅಂದಳು ಹುಮಾ.

ರಾಜಶ್ರೀಯ ಬೆರಳು ಬಿಳಿ ನಮೂನೆಗೆ ತಾಗಿತು. ಹುಮಾ ಹಲ್ಲು ತಿಕ್ಕಿ ಬಿಳಿದು ತುಂಬಿದಳು, ನೀಲಿ ಬೆಳಕು ಬಿತ್ತು. ಅಷ್ಟೇ, ಗಟ್ಟಿಯಾಗಿ ಹೋಯಿತು.

ಅವಳು ಇಳಿದ ಕುರ್ಚಿಗೆ ಗುರವ್ವ ಹತ್ತಿದಳು. ಸೊಂಟದ ಸಂಚಿ ಬಿಚ್ಚಿ ತನ್ನ ಮಿಶ್ರಿ ಡಬ್ಬಿ ತೆಗೆದು ಸ್ಟೀಲ್ ತಾಟಿನಲ್ಲಿಟ್ಟಳು. ಆಮೇಲೆ ರಾಜಶ್ರೀಯ ಕಡೆ ತಿರುಗಿದಳು.

"ನಿಮ್ಮದೂ ಇಡ್ರಿ, ಅಕ್ಕೋರ."

ರಾಜಶ್ರೀ ಸೆರಗು ಎಳೆದು ನಿರಿಗೆ ಮುಚ್ಚಿಕೊಂಡಳು. "ನಿನಗ... ಯಾರು ಹೇಳಿದ್ರಬೇ?"

"ನನ್ನ ಮೂಗು. ನಲವತ್ತು ವರ್ಷ ಅದನ್ನ ತಿಕ್ಕಿದಾಕಿ, ವಾಸನಿ ಗುರ್ತ ಸಿಗೂದಿಲ್ಲೇನು? ಇಡ್ರಿ. ಒಬ್ಬಾಕೀನ ಮಿಶ್ರಿ ಬಿಡಾಕ ನನ್ನ ಕೈಲಿ ಆಗೂದಿಲ್ಲ."

ರಾಜಶ್ರೀ ಯಾರ ಮುಖವನ್ನೂ ನೋಡದೆ ನಿರಿಗೆಗೆ ಕೈ ಹಾಕಿದಳು. ತಾಟಿನಲ್ಲಿ ಎರಡನೆಯ ಡಬ್ಬಿಯ ಸಪ್ಪಳವಾಯಿತು.

ಸಂಜೆ ಟೆಂಪೋದಲ್ಲಿ ಅವಳ ಬೆರಳು ಮೇಲಿಂದ ಮೇಲೆ ಆ ಖಾಲಿ ನಿರಿಗೆಗೆ ಹೋಗುತ್ತಿತ್ತು. ಪಕ್ಕದಲ್ಲಿದ್ದ ಗುರವ್ವ ಆ ಕೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಬಿಡಿಸಿಕೊಳ್ಳಲಿಕ್ಕೆ ಬಾರದಷ್ಟು ಗಟ್ಟಿಯಾಗಿ.